ಬೆಲ್ಟು ಬದಲಿಸಿದರೆ ಸಾಕೆ?

2023ರ ಮಳೆಗಾಲದ ಒಂದು ಸಂಜೆ. ವಿಜ್ಞಾನ ಪ್ರಶ್ನೋತ್ತರ ಸ್ಪರ್ಧೆಗೆ ಹೋಗಿದ್ದ ಮೂವರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ನಾವು ಉಜಿರೆಯ ಕಡೆಯಿಂದ ಚಾರ್ಮಾಡಿ ಘಾಟಿಯನ್ನು ಏರುತ್ತಿದ್ದೆವು. ಕಾರು ಹಳೆಯದು, ಇನ್ನೊಬ್ಬರಿಂದ ಕೊಂಡದ್ದು. ಅರ್ಧ ದಾರಿಯಲ್ಲಿ ಎಂಜಿನಿನ ಕಡೆಯಿಂದ ಚಾಟಿ ಬೀಸಿದಂಥ ಸದ್ದೊಂದು ಕೇಳಿಬಂದಿತು. ಮರುಕ್ಷಣವೇ ಸ್ಟಿಯರಿಂಗ್ ಚಕ್ರವು ತಿರುಗಿಸಲಾರದಷ್ಟು ಭಾರವಾಯಿತು. ಎದುರಿನ ಫಲಕದಲ್ಲಿ ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಂಡಿತು. ಸ್ವಲ್ಪ ಹೊತ್ತಿನಲ್ಲಿಯೇ ಎಂಜಿನಿನ ಉಷ್ಣತೆಯನ್ನು ತೋರಿಸುವ ಮುಳ್ಳು ಮೇಲೇರತೊಡಗಿತು. ತಿರುವಿನ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ಎದುರಿನಿಂದ ಇಳಿದು ಬರುತ್ತಿದ್ದ ವಾಹನಗಳು. ಹೇಗೋ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿ, ಬಾನೆಟ್ಟನ್ನು ತೆರೆದು ನೋಡಿದರೆ, ಎಂಜಿನಿನ ಮುಂಭಾಗದ ರಬ್ಬರ್ ಬೆಲ್ಟು ತನ್ನ ಹಾದಿಯನ್ನು ಬಿಟ್ಟು ಹೊರಕ್ಕೆ ಜೋತುಬಿದ್ದಿತ್ತು.

ಅಂದು ಯಾರಿಗೂ ಅಪಾಯವಾಗಲಿಲ್ಲ. ಎಂಜಿನನ್ನು ಒಡನೆಯೇ ನಿಲ್ಲಿಸಿದುದರಿಂದ ಅದೂ ಉಳಿಯಿತು. ಆದರೆ ಆ ಸಂಗತಿಯನ್ನು ನೆನೆದಾಗಲೆಲ್ಲ ನಮಗೆ ನಾಚಿಕೆಯಾಗುತ್ತದೆ. ಏಕೆಂದರೆ, ಅದು ನಾಲ್ಕು ತಿಂಗಳ ಅವಧಿಯಲ್ಲಿ ನಮ್ಮ ಕಾರಿನಿಂದ ಹೊರಬಿದ್ದ ಮೂರನೆಯ ಬೆಲ್ಟು. ಮೊದಲನೆಯದು ಬಿದ್ದಾಗ ‘ಹಳೆಯದಾಗಿತ್ತು’ ಎಂದು ಬದಲಿಸಿದೆವು. ಎರಡನೆಯದು ಬಿದ್ದಾಗ ‘ಮಾಲು ಸರಿಯಿಲ್ಲ’ ಎಂದು ಬೇರೆ ತಯಾರಿಕೆಯದನ್ನು ಕೊಂಡೆವು. ಮೂರನೆಯದು ಬಿದ್ದಾಗ ಮಳೆಯನ್ನು ದೂರಿದೆವು. ವರ್ಷ ವರ್ಷವೂ ತರಗತಿಯಲ್ಲಿ ಘರ್ಷಣೆಯ ಪಾಠವನ್ನು ಹೇಳುವ ನಾವು, ಒಂದೇ ಬಗೆಯ ಘಟನೆ ಮೂರು ಸಲ ನಡೆದರೂ, ಅದಕ್ಕೆ ಒಂದೇ ಕಾರಣವಿರಬಹುದೆಂದು ಆಲೋಚಿಸಲಿಲ್ಲ. ಭೌತಶಾಸ್ತ್ರವು ನಮ್ಮ ಪುಸ್ತಕದಲ್ಲಿತ್ತು, ಕಾರು ರಸ್ತೆಯಲ್ಲಿತ್ತು.

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟು: ಕೆಟ್ಟುಹೋದ ಭಾಗವನ್ನು ಬದಲಿಸುವುದು ಬೇರೆ, ಕೆಟ್ಟುದೇಕೆಂದು ಕಂಡುಹಿಡಿಯುವುದು ಬೇರೆ. ಎರಡನೆಯ ಕೆಲಸವನ್ನು ನಮ್ಮ ವಿಜ್ಞಾನ ತರಗತಿಗಳು ವಿದ್ಯಾರ್ಥಿಗಳಿಗೆ ಕಲಿಸುತ್ತಿಲ್ಲ, ಕಲಿಸಬೇಕು. ಬೆಲ್ಟಿನ ಉದಾಹರಣೆಯನ್ನೇ ಹಿಡಿದು ಇದನ್ನು ವಿವರಿಸಲು ಯತ್ನಿಸುವೆವು.

ಮೊದಲು ಈ ಬೆಲ್ಟಿನ ಕೆಲಸವೇನೆಂಬುದನ್ನು ನೋಡೋಣ. ಎಂಜಿನಿನ ಕ್ರ್ಯಾಂಕ್ ದಂಡದ ತುದಿಯಲ್ಲಿ, ಗ್ಯಾರೇಜಿನವರು ‘ಪುಲ್ಲಿ’ ಎಂದು ಕರೆಯುವ ರಾಟೆಯೊಂದಿರುತ್ತದೆ. ಅದನ್ನು ಸುತ್ತಿ ಹೊರಟ ಬೆಲ್ಟು, ವಿದ್ಯುತ್ತನ್ನು ಹುಟ್ಟಿಸುವ ಆಲ್ಟರ್ನೇಟರನ್ನು, ಹವಾನಿಯಂತ್ರಣದ ಕಂಪ್ರೆಸರನ್ನು, ಅನೇಕ ಎಂಜಿನುಗಳಲ್ಲಿ ನೀರಿನ ಪಂಪನ್ನು, ನಮ್ಮದರಂಥ ಹಳೆಯ ಕಾರುಗಳಲ್ಲಿ ಸ್ಟಿಯರಿಂಗಿಗೆ ನೆರವಾಗುವ ಎಣ್ಣೆಯ ಪಂಪನ್ನು ತಿರುಗಿಸುತ್ತದೆ. ಹಿಂದೆ ಇವುಗಳಿಗೆ ಬೇರೆ ಬೇರೆ ಬೆಲ್ಟುಗಳಿರುತ್ತಿದ್ದುವು. 1970ರ ದಶಕದ ಕೊನೆಯಿಂದೀಚೆಗೆ, ಒಳಮೈಯಲ್ಲಿ ಉದ್ದುದ್ದ ಏಣುಗಳುಳ್ಳ ಒಂದೇ ಅಗಲವಾದ ಬೆಲ್ಟು ಎಲ್ಲವನ್ನೂ ಹಾವಿನಂತೆ ಬಳಸಿ ಹೋಗುವ ಏರ್ಪಾಡು ಬಳಕೆಗೆ ಬಂದಿತು. ಇದರಿಂದ ಸ್ಥಳವೂ ತೂಕವೂ ಉಳಿದುವು. ಆದರೆ ಆ ಒಂದು ಬೆಲ್ಟು ಹೋದರೆ ಎಲ್ಲವೂ ಒಟ್ಟಿಗೆ ಹೋಗುವುವು ಎಂಬ ಪಾಠವನ್ನು ನಾವು ಚಾರ್ಮಾಡಿಯಲ್ಲಿ ಕಲಿತೆವು.

ಇನ್ನು ರೋಗಪರೀಕ್ಷೆ. ಇದರ ಮೊದಲ ತೊಡಕು ಯಂತ್ರದಲ್ಲಿಲ್ಲ, ಮಾತಿನಲ್ಲಿದೆ. ‘ಬೆಲ್ಟು ಜಾರುತ್ತಿದೆ’ ಎಂದು ನಾವು ಎರಡು ಬೇರೆ ಬೇರೆ ಸಂಗತಿಗಳಿಗೆ ಹೇಳುತ್ತೇವೆ. ರಾಟೆಯು ತಿರುಗಿದಷ್ಟು ಬೆಲ್ಟು ಮುಂದುವರಿಯದೆ ಅದರ ಮೇಲೆಯೇ ಉಜ್ಜಿಕೊಂಡು ಹಿಂದುಳಿಯುವುದು ಒಂದು. ಇದನ್ನು ‘ಜಾರುವುದು’ ಎನ್ನೋಣ. ಬೆಲ್ಟು ತನ್ನ ಸಾಲನ್ನು ಬಿಟ್ಟು ರಾಟೆಯ ಮೇಲೆ ಅಡ್ಡಡ್ಡಲಾಗಿ ಚಲಿಸುವುದು ಮತ್ತೊಂದು. ಇದನ್ನು ‘ಸರಿಯುವುದು’ ಎನ್ನೋಣ. ಎರಡರ ಕಾರಣಗಳೂ ಬೇರೆ, ಮದ್ದುಗಳೂ ಬೇರೆ. ಜಾರುವ ಬೆಲ್ಟನ್ನು ಬಿಗಿಮಾಡಿದರೆ ಗುಣ ಕಾಣಬಹುದು. ಸರಿಯುವ ಬೆಲ್ಟನ್ನು ಬಿಗಿಮಾಡಿದರೆ ಬೇರಿಂಗುಗಳು ಸವೆಯುವುವೇ ಹೊರತು ಬೆಲ್ಟು ದಾರಿಗೆ ಬಾರದು.

ಜಾರುವಿಕೆಯ ತತ್ತ್ವವನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಮಲ್ಪೆಯ ಬಂದರಿನಲ್ಲಿ ದೋಣಿಯ ಹಗ್ಗವನ್ನು ಗೂಟಕ್ಕೆ ಎರಡು ಮೂರು ಸುತ್ತು ಹಾಕಿ ಒಬ್ಬನೇ ಹಿಡಿದು ನಿಲ್ಲುವುದನ್ನು ನೋಡಬಹುದು. ಆಯ್ಲರ್ ಮತ್ತು ಐಟೆಲ್ವೈನ್ ಎಂಬವರ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರವು ಇದನ್ನೇ ಹೇಳುತ್ತದೆ: ಹಗ್ಗದ ಬಿಗಿಯಾದ ಕಡೆಯ ಸೆಳೆತಕ್ಕೂ ಸಡಿಲವಾದ ಕಡೆಯ ಸೆಳೆತಕ್ಕೂ ಇರುವ ಗರಿಷ್ಠ ಪ್ರಮಾಣವು, ಘರ್ಷಣಾಂಕವನ್ನೂ ಸುತ್ತಿದ ಕೋನವನ್ನೂ ಅನುಸರಿಸಿ ಘಾತೀಯವಾಗಿ ಬೆಳೆಯುತ್ತದೆ. ಘರ್ಷಣಾಂಕವು 0.3 ಆಗಿದ್ದು ಚಪ್ಪಟೆ ಪಟ್ಟಿಯು ರಾಟೆಯ ಅರ್ಧವನ್ನು ಸುತ್ತಿದ್ದರೆ ಈ ಪ್ರಮಾಣ ಸುಮಾರು 2.6. ಅದೇ ರಬ್ಬರಿನಲ್ಲಿ 40 ಡಿಗ್ರಿಯ ಏಣುಗಳನ್ನು ಮಾಡಿ ಅವನ್ನು ರಾಟೆಯ ಗಾಡಿಗಳಲ್ಲಿ ಬೆಣೆಯಂತೆ ಕೂರಿಸಿದರೆ, ಲೆಕ್ಕದಲ್ಲಿ ಪ್ರಮಾಣವು 15ನ್ನು ದಾಟುತ್ತದೆ. ಏಣುಗಳ ಉಪಯೋಗ ಇದರಿಂದ ಸ್ಪಷ್ಟವಾಗುತ್ತದೆ. ಏಣು ಗಾಡಿಯಲ್ಲಿ ಸರಿಯಾಗಿ ಕುಳಿತಿದ್ದರೆ ಮಾತ್ರ ಈ ಲಾಭವೆಂಬುದನ್ನೂ ಗಮನಿಸಬೇಕು. ಬೆಲ್ಟು ಸರಿದರೆ ಹಿಡಿತವೂ ಹೋಗುತ್ತದೆ. ಆದ್ದರಿಂದಲೇ ಸರಿಯುವ ಬೆಲ್ಟು ಎಷ್ಟೋ ಸಲ ಜಾರುವ ಬೆಲ್ಟಿನ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ.

ಸರಿಯುವಿಕೆಯ ತತ್ತ್ವವಾದರೋ ನಮ್ಮ ಪಠ್ಯಪುಸ್ತಕಗಳಲ್ಲಿ ಬಹುಮಟ್ಟಿಗೆ ಇಲ್ಲ. ಅದನ್ನು ತಿಳಿಯಲು ಹಳೆಯ ಹಿಟ್ಟಿನ ಗಿರಣಿಗೆ ಹೋಗಬೇಕು. ಅಲ್ಲಿ ಮೋಟಾರಿನಿಂದ ಬೀಸುವ ಯಂತ್ರಕ್ಕೆ ಹಾಯ್ದಿರುವ ಅಗಲವಾದ ಚಪ್ಪಟೆ ಪಟ್ಟಿಗೆ ಏಣೂ ಇಲ್ಲ, ರಾಟೆಗೆ ಅಂಚೂ ಇಲ್ಲ. ಆದರೂ ಪಟ್ಟಿ ದಿನವಿಡೀ ಬೀಳದೆ ಓಡುತ್ತದೆ. ರಾಟೆಯ ಮೈಯನ್ನು ಸವರಿ ನೋಡಿದರೆ ಅದರ ನಡುಭಾಗ ತುಸು ಉಬ್ಬಿರುವುದು ತಿಳಿಯುತ್ತದೆ. ಉಬ್ಬಿನ ಮೇಲಿಂದ ಪಟ್ಟಿ ಕೆಳಕ್ಕೆ ಇಳಿಯಬೇಕೆಂದು ನಮ್ಮ ಸಾಮಾನ್ಯ ಬುದ್ಧಿ ಹೇಳುತ್ತದೆ. ನಿಜವಾಗಿ ನಡೆಯುವುದು ಇದಕ್ಕೆ ವಿರುದ್ಧ. ಪಟ್ಟಿಯು ಎತ್ತರವಾದ ನಡುವಿಗೇ ಏರಿ ನಿಲ್ಲುತ್ತದೆ.

ಇದು ಹೇಗೆ? ಪಟ್ಟಿ ಸ್ವಲ್ಪ ಎಡಕ್ಕೆ ಹೋಯಿತೆನ್ನೋಣ. ಆಗ ಅದು ಇಳಿಜಾರಾದ ಮೈಯ ಮೇಲೆ ಒರಗುತ್ತದೆ. ಒರಗಿದುದರಿಂದ, ಇನ್ನೂ ರಾಟೆಯನ್ನು ಮುಟ್ಟದೆ ಹತ್ತಿರ ಬರುತ್ತಿರುವ ಪಟ್ಟಿಯ ಭಾಗವು ನಡುವಿನ ಕಡೆಗೆ ತುಸು ಓರೆಯಾಗುತ್ತದೆ. ಓರೆಯಾಗಿ ಬಂದು ಮುಟ್ಟಿದ ಬಿಂದುವನ್ನು ಘರ್ಷಣೆಯು ಅಲ್ಲಿಯೇ ಹಿಡಿದು ರಾಟೆಯೊಡನೆ ನೇರವಾಗಿ ಒಯ್ಯುತ್ತದೆ. ಅದರ ಹಿಂದಿನ ಬಿಂದು ಇನ್ನಷ್ಟು ನಡುವಿಗೆ ಬಂದು ಮುಟ್ಟುತ್ತದೆ. ಹೀಗೆ ಸುತ್ತು ಸುತ್ತಿಗೂ ಪಟ್ಟಿ ಮೇಲೇರುತ್ತದೆ. ಇದರಿಂದ ಹೊರಡುವ ನಿಯಮ ಬಹು ಮುಖ್ಯವಾದುದು: ರಾಟೆಯ ಮೇಲೆ ಪಟ್ಟಿಯ ಸ್ಥಾನವನ್ನು ನಿರ್ಧರಿಸುವುದು ಅದು ರಾಟೆಯನ್ನು ಬಂದು ಸೇರುವ ಕೋನ, ಬಿಟ್ಟು ಹೋಗುವ ಕೋನವಲ್ಲ.

ಕಾರಿನ ಬೆಲ್ಟಿಗೂ ಇದೇ ನಿಯಮ. ಅದರ ಏಣುಗಳು ಗಾಡಿಗಳಲ್ಲಿ ಕುಳಿತಿರುವುದರಿಂದ ಅಲ್ಪಸ್ವಲ್ಪ ಓರೆಯನ್ನು ಅದು ಸಹಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಹೇಳುವ ಮಿತಿಯೆಂದರೆ ಡಿಗ್ರಿಯ ಮೂರನೆಯ ಒಂದು ಭಾಗದ ಆಸುಪಾಸು. ಅಂದರೆ, ಎರಡು ರಾಟೆಗಳ ನಡುವೆ 30 ಸೆಂಟಿಮೀಟರ್ ಅಂತರವಿದ್ದರೆ ಒಂದೂವರೆ ಮಿಲಿಮೀಟರಿಗೆ ತುಸು ಹೆಚ್ಚು, 10 ಸೆಂಟಿಮೀಟರ್ ಅಂತರವಿದ್ದರೆ ಸುಮಾರು ಅರ್ಧ ಮಿಲಿಮೀಟರ್. ಇಷ್ಟು ಚಿಕ್ಕ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೆ ಎಂದು ವಾಚಕರು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಕ್ರ್ಯಾಂಕಿನ ರಾಟೆಯ ವ್ಯಾಸ 15 ಸೆಂಟಿಮೀಟರ್, ವೇಗ ನಿಮಿಷಕ್ಕೆ 3000 ಸುತ್ತು ಎಂದಿಟ್ಟುಕೊಂಡರೆ, ಬೆಲ್ಟಿನ ವೇಗ ಸೆಕೆಂಡಿಗೆ 23 ಮೀಟರುಗಳಿಗೂ ಹೆಚ್ಚು. ಬೆಲ್ಟಿನ ಉದ್ದ ಎರಡು ಮೀಟರಾದರೆ ಅದು ಒಂದು ಗಂಟೆಯಲ್ಲಿ 42,000 ಸಲ ಸುತ್ತಿ ಬರುತ್ತದೆ. ಏಣಿನ ಒಂದು ಪಕ್ಕವು ಗಾಡಿಯ ಗೋಡೆಗೆ ಅಷ್ಟು ಸಲ ಒರಸಿದರೆ ಅದು ಸವೆಯುವುದರಲ್ಲಿ, ಕೊನೆಗೊಂದು ದಿನ ಗೋಡೆಯನ್ನು ಹತ್ತಿ ಪಕ್ಕದ ಗಾಡಿಗೆ ದಾಟುವುದರಲ್ಲಿ, ಆಶ್ಚರ್ಯವೇನಿದೆ? ಗಾಡಿಯಿಂದ ಗಾಡಿಗೆ ಇರುವ ದೂರ 3.56 ಮಿಲಿಮೀಟರ್ ಮಾತ್ರ.

ಈಗ ಪರೀಕ್ಷೆಯ ಕ್ರಮಕ್ಕೆ ಬರೋಣ. ಎಂಜಿನನ್ನು ನಿಲ್ಲಿಸಿ ಕೀಲಿಯನ್ನು ಕೈಗೆ ತೆಗೆದುಕೊಳ್ಳದೆ ಬೆಲ್ಟಿನ ಹತ್ತಿರ ಕೈಯನ್ನಾಗಲಿ ಬಟ್ಟೆಯನ್ನಾಗಲಿ ಒಯ್ಯಬಾರದೆಂಬುದು ಮೊದಲ ಮಾತು. ಅನಂತರ ಕೇಳಬೇಕಾದ ಪ್ರಶ್ನೆ: ತೊಂದರೆ ಎಂದಿನಿಂದ? ಯಾವುದಾದರೂ ದುರಸ್ತಿಯ ಮಾರನೆಯ ದಿನದಿಂದಲೆ? ಹಾಗಿದ್ದರೆ ಆಗ ಬಿಚ್ಚಿ ಹಾಕಿದ ಭಾಗವನ್ನು ಮೊದಲು ಶಂಕಿಸಬೇಕು. ಹೊಸ ಆಲ್ಟರ್ನೇಟರಿನ ಹಿಂದಿನ ಬಿಲ್ಲೆ ಬಿಟ್ಟುಹೋಗಿರಬಹುದು. ಪಂಪಿನ ರಾಟೆ ದಂಡದ ಮೇಲೆ ಪೂರ್ತಿಯಾಗಿ ಕೂತಿಲ್ಲದಿರಬಹುದು. ಬೆಲ್ಟನ್ನು ಹಾಕುವಾಗಲೇ ಒಂದು ಗಾಡಿ ಆಚೆ ಹಾಕಿರಬಹುದು.

ಎರಡನೆಯದಾಗಿ ಬೆಲ್ಟನ್ನೇ ಸಾಕ್ಷಿಯಾಗಿ ವಿಚಾರಿಸಬೇಕು. ಅಂಚಿನ ನೂಲು ಒಂದೇ ಕಡೆ ಕಿತ್ತಿದ್ದರೆ, ಏಣುಗಳ ಒಂದೇ ಪಕ್ಕ ಹೊಳೆಯುತ್ತಿದ್ದರೆ, ಅದು ಓರೆಯಾಗಿ ಓಡಿದೆ. ಎಲ್ಲ ಏಣುಗಳೂ ಸಮನಾಗಿ ಮೆರುಗುಗೊಂಡಿದ್ದರೆ ಅದು ಜಾರಿದೆ. ಬಿರುಕುಗಳಿಲ್ಲವೆಂದ ಮಾತ್ರಕ್ಕೆ ಬೆಲ್ಟು ಚೆನ್ನಾಗಿದೆಯೆನ್ನುವಂತಿಲ್ಲ; ಇಂದಿನ ಬೆಲ್ಟುಗಳ ರಬ್ಬರು ಹಿಂದಿನದರಂತೆ ಬಿರಿಯದೆ ಕಾರಿನ ಟೈರಿನಂತೆ ಸವೆಯುತ್ತದೆ. ಎಂಜಿನು ನಡೆಯುವಾಗ ಹಕ್ಕಿಯ ಚಿಲಿಪಿಲಿಯಂಥ ಸದ್ದು ಬರುತ್ತಿದ್ದರೆ, ದೂರದಿಂದ ಏಣುಗಳ ಮೇಲೆ ಸ್ವಲ್ಪ ನೀರನ್ನು ಸಿಂಪಡಿಸಿ ನೋಡುವ ಉಪಾಯವೊಂದುಂಟು. ಸದ್ದು ಕ್ಷಣಕಾಲ ಅಡಗಿ ಮತ್ತೆ ಬಂದರೆ ಸಾಲು ತಪ್ಪಿದೆಯೆಂದೂ, ಸದ್ದು ಇನ್ನೂ ಜೋರಾದರೆ ಬಿಗಿತ ಸಾಲದೆಂದೂ ಊಹಿಸಬಹುದು.

ಮೂರನೆಯದು ಅಳತೆ. ಉಕ್ಕಿನ ನೇರವಾದ ಪಟ್ಟಿಯೊಂದನ್ನು ರಾಟೆಗಳ ಮುಖಕ್ಕೆ ಒತ್ತಿ, ಯಾವುದು ಮುಂದಕ್ಕೆ, ಯಾವುದು ಹಿಂದಕ್ಕೆ, ಯಾವುದು ವಾಲಿದೆ ಎಂದು ನೋಡಬೇಕು. ಬೆಲ್ಟನ್ನು ಕಳಚಿ ಪ್ರತಿಯೊಂದು ರಾಟೆಯನ್ನೂ ಕೈಯಿಂದ ತಿರುಗಿಸಬೇಕು, ಅಲುಗಾಡಿಸಬೇಕು. ಸದ್ದುಮಾಡುವ ಬೇರಿಂಗು, ಗಾಡಿಯಲ್ಲಿ ಸಿಕ್ಕಿಕೊಂಡ ಕಲ್ಲಿನ ಚೂರು, ಸಡಿಲವಾದ ಬೋಲ್ಟು, ಇವೆಲ್ಲ ಆಗ ಹೊರಬೀಳುವುವು. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರನ್ನು ವಿಶೇಷವಾಗಿ ನೋಡಬೇಕು. ಅದರ ತೋಳಿನ ಕೀಲು ಸವೆದರೆ ರಾಟೆಯು ಬೆಲ್ಟಿನ ಸೆಳೆತಕ್ಕೆ ಒಂದು ಕಡೆ ವಾಲುತ್ತದೆ. ಬೆಲ್ಟಿಲ್ಲದಾಗ ನೆಟ್ಟಗೇ ಕಾಣುತ್ತದೆ. ಬಹಳ ಟೆನ್ಷನರುಗಳ ರಾಟೆ ನುಣುಪಾಗಿದ್ದು ಬೆಲ್ಟಿನ ಬೆನ್ನನ್ನು ಮಾತ್ರ ಒತ್ತುವುದರಿಂದ, ಅಲ್ಲಿ ಬೆಲ್ಟನ್ನು ಹಿಡಿದಿಡುವ ಗಾಡಿಗಳೂ ಇರುವುದಿಲ್ಲ.

ನಮ್ಮ ಕಾರಿನಲ್ಲಿ ಬೆಲ್ಟು ಪ್ರತಿ ಸಲವೂ ಆಲ್ಟರ್ನೇಟರಿನ ರಾಟೆಯಿಂದಲೇ ಬೀಳುತ್ತಿತ್ತು. ಆದ್ದರಿಂದ ನಮ್ಮ ಸಂಶಯವೂ, ನಾವು ಹೋಗುತ್ತಿದ್ದ ಗ್ಯಾರೇಜಿನವರ ಸಂಶಯವೂ, ಬೆಲ್ಟನ್ನು ಬಿಟ್ಟರೆ ಆಲ್ಟರ್ನೇಟರಿನ ಮೇಲೆಯೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ನಾವು ನೆನೆಯಲಿಲ್ಲ. ಘಾಟಿಯ ಮೇಲಿನ ಚಿಕ್ಕ ಷೆಡ್ಡೊಂದಕ್ಕೆ ಮಾರನೆಯ ದಿನ ಕಾರನ್ನು ಎಳೆಸಿದೆವು. ಅಲ್ಲಿನ ಮೇಸ್ತ್ರಿ ಅರುವತ್ತರ ಆಚೆಯವರು. ಬೆಲ್ಟು ಬಿದ್ದ ಕಥೆಯನ್ನೆಲ್ಲ ಕೇಳಿ, “ಬೀಳೋದು ಅಲ್ಲಿ ಸರಿ, ಬರೋದು ಎಲ್ಲಿಂದ ಮೇಷ್ಟ್ರೆ?” ಎಂದರು. ಗಿರಣಿಯ ರಾಟೆಯ ನಿಯಮವನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಿದ್ದರು! ನಮ್ಮ ಎಂಜಿನಿನಲ್ಲಿ ಬೆಲ್ಟು ಕ್ರ್ಯಾಂಕಿನ ರಾಟೆಯಿಂದ ಹೊರಟು, ನುಣುಪಾದ ಟೆನ್ಷನರನ್ನು ಸವರಿ, ಆಲ್ಟರ್ನೇಟರನ್ನು ಸೇರುತ್ತದೆ. ಕ್ರ್ಯಾಂಕಿನಲ್ಲಿ ತಪ್ಪಿದರೆ ಟೆನ್ಷನರು ಅದನ್ನು ತಿದ್ದಲಾರದು. ತಪ್ಪು ಆಲ್ಟರ್ನೇಟರಿನಲ್ಲಿ ಪ್ರಕಟವಾಗುತ್ತದೆ.

ಅವರು ಉಕ್ಕಿನ ಪಟ್ಟಿಯನ್ನಿಟ್ಟು ನೋಡಿದರು. ಎಲ್ಲವೂ ಒಂದೇ ಸಾಲಿನಲ್ಲಿದ್ದಂತೆ ತೋರಿತು. ನಾವಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆವು. ಅವರು ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಪಟ್ಟಿಯನ್ನಿಟ್ಟರು. ಎರಡು ಮಿಲಿಮೀಟರಿನಷ್ಟು ಸಂದು ಕಾಣಿಸಿತು. ರಾಟೆ ತಿರುಗುವಾಗ ಓಲಾಡುತ್ತಿತ್ತು. ಒಂದೇ ಜಾಗದಲ್ಲಿ ಅಳೆದವನಿಗೆ ಅದು ತಿಳಿಯುವಂತಿರಲಿಲ್ಲ. ಅನಂತರ ಅವರು, “ಮೇಷ್ಟ್ರೆ, ಜೇಬಿನಲ್ಲಿ ಸೀಮೆಸುಣ್ಣ ಇದೆಯೆ?” ಎಂದು ಕೇಳಿದರು. ಇತ್ತು.

ಕ್ರ್ಯಾಂಕಿನ ರಾಟೆ ಒಂದೇ ತುಂಡಿನದಲ್ಲ. ಒಳಗೆ ದಂಡಕ್ಕೆ ಬಿಗಿದ ಗುಂಬ, ಹೊರಗೆ ಗಾಡಿಗಳುಳ್ಳ ಉಕ್ಕಿನ ಬಳೆ, ನಡುವೆ ಅವೆರಡನ್ನೂ ಅಂಟಿಸಿ ಹಿಡಿದ ರಬ್ಬರು. ಸಿಲಿಂಡರುಗಳ ಒಂದೊಂದು ಸ್ಫೋಟಕ್ಕೂ ಕ್ರ್ಯಾಂಕ್ ದಂಡವು ತಿರುಚಿಕೊಂಡು ಕಂಪಿಸುತ್ತದೆ. ಆ ಕಂಪನವನ್ನು ತಗ್ಗಿಸುವುದಕ್ಕಾಗಿ ಈ ಏರ್ಪಾಡು. ಇದಕ್ಕೆ ಡ್ಯಾಂಪರ್ ಎಂದು ಹೆಸರು. ಶಾಖದಿಂದಲೂ ಎಣ್ಣೆಯಿಂದಲೂ ರಬ್ಬರು ಹಳತಾದರೆ ಹೊರಗಿನ ಬಳೆ ಗುಂಬದ ಹಿಡಿತ ತಪ್ಪಿ ಮೆಲ್ಲಮೆಲ್ಲನೆ ತಿರುಗತೊಡಗುತ್ತದೆ, ಮುಂದಕ್ಕೋ ಹಿಂದಕ್ಕೋ ನಡೆಯುತ್ತದೆ, ಓಲಾಡುತ್ತದೆ. ಮೇಸ್ತ್ರಿಯವರು ಗುಂಬದಿಂದ ಬಳೆಯವರೆಗೆ, ರಬ್ಬರನ್ನು ದಾಟಿಸಿ, ಸೀಮೆಸುಣ್ಣದಿಂದ ಒಂದು ನೇರ ಗೆರೆಯನ್ನೆಳೆದರು. ಬೆಲ್ಟನ್ನು ಹಾಕಿ ಎಂಜಿನನ್ನು ಹತ್ತು ನಿಮಿಷ ನಡೆಸಿ ನಿಲ್ಲಿಸಿದರು. ಗೆರೆ ಎರಡಾಗಿತ್ತು. ಬಳೆಯ ಮೇಲಿನ ಅರ್ಧವು ಗುಂಬದ ಮೇಲಿನ ಅರ್ಧದಿಂದ ಒಂದು ಬೆರಳಿನಷ್ಟು ಆಚೆ ಸರಿದಿತ್ತು. ಡ್ಯಾಂಪರನ್ನು ಬದಲಿಸಿದ ಮೇಲೆ ಇಂದಿನವರೆಗೂ ಬೆಲ್ಟು ಹೊರಬಿದ್ದಿಲ್ಲ.

ಮೇಸ್ತ್ರಿಯವರ ಕೈಚಳಕವನ್ನು ಹೊಗಳುವುದಷ್ಟೇ ನಮ್ಮ ಉದ್ದೇಶವಲ್ಲ. ಅವರು ಮಾಡಿದುದು ಅಪ್ಪಟ ವಿಜ್ಞಾನ. ಒಂದು ಊಹೆಯನ್ನು ಮಾಡಿದರು. ಊಹೆ ನಿಜವಾದರೆ ಏನು ಕಾಣಬೇಕೆಂದು ಮುಂಚೆಯೇ ನಿಶ್ಚಯಿಸಿದರು. ಸುಳ್ಳಾಗಿದ್ದರೆ ಗೆರೆ ಒಂದಾಗಿಯೇ ಉಳಿಯುತ್ತಿತ್ತು. ನಾವು ಹಾಕಿಸಿದ ಹೊಸ ಬೆಲ್ಟುಗಳಾದರೋ ಯಾವ ಪ್ರಶ್ನೆಗೂ ಉತ್ತರವಾಗಿರಲಿಲ್ಲ. ಅವು ಕೆಲವು ವಾರ ಓಡಿ, ರೋಗ ವಾಸಿಯಾಯಿತೆಂಬ ಭ್ರಮೆಯನ್ನು ಹುಟ್ಟಿಸಿದುವು. ಆ ಭ್ರಮೆಯೇ ಮೂರು ಮಕ್ಕಳನ್ನು ಘಾಟಿಯ ತಿರುವಿನಲ್ಲಿ ನಿಲ್ಲಿಸಿತು.

ಹಾಗೆಂದು ಗ್ಯಾರೇಜಿನವರನ್ನು ದೂರುವುದು ನ್ಯಾಯವಲ್ಲ. ಕಾರು ಒಂದು ಗಂಟೆಯಲ್ಲಿ ಬೇಕೆಂದು ಅವಸರಪಡಿಸಿದವರು ನಾವೇ. ಬೆಲ್ಟಿಗೆ ಬಿಲ್ಲು ಬರೆದರೆ ಗಿರಾಕಿ ಹಣ ಕೊಡುತ್ತಾನೆ. ಅರ್ಧ ದಿನ ಕುಳಿತು ಯೋಚಿಸಿದುದಕ್ಕೆ ಬಿಲ್ಲು ಬರೆದರೆ ಜಗಳವಾಡುತ್ತಾನೆ. ಈ ಮನೋಭಾವ ನಮಗೆ ಎಲ್ಲಿಂದ ಬಂದಿತೆಂದು ವಿಚಾರಿಸಿದರೆ, ನಮ್ಮ ಪ್ರಯೋಗಾಲಯಗಳಿಗೂ ಅದರಲ್ಲಿ ಪಾಲಿದೆಯೆಂದು ಒಪ್ಪಬೇಕಾಗುತ್ತದೆ. ಲೋಲಕದ ಪ್ರಯೋಗದಲ್ಲಿ 9.8 ಬರಬೇಕೆಂದು ವಿದ್ಯಾರ್ಥಿಗೆ ಮೊದಲೇ ಗೊತ್ತು. 9.1 ಬಂದರೆ ಆತನು ಕಾರಣವನ್ನು ಹುಡುಕುವುದಿಲ್ಲ, ಅಂಕಿಗಳನ್ನು ತಿದ್ದುತ್ತಾನೆ. ನಾವೂ ಕಂಡು ಕಾಣದಂತೆ ಸಹಿ ಹಾಕುತ್ತೇವೆ. ಉಪಕರಣ ಕೆಟ್ಟರೆ ಪಕ್ಕದ ಮೇಜಿನದನ್ನು ತಂದುಕೊಡುತ್ತೇವೆ. ಇದು ಬೆಲ್ಟು ಬದಲಿಸುವ ವಿದ್ಯೆಯೇ ಅಲ್ಲವೆ?

ಆದಕಾರಣ ನಮ್ಮದೊಂದು ಸಲಹೆ. ಪ್ರತಿಯೊಂದು ಪ್ರಯೋಗಾಲಯದಲ್ಲಿಯೂ, ಅವಧಿಗೊಮ್ಮೆಯಾದರೂ, ಬೇಕೆಂದೇ ಕೆಡಿಸಿದ ಉಪಕರಣವೊಂದನ್ನು ವಿದ್ಯಾರ್ಥಿಗಳ ಮುಂದಿಡಬೇಕು: ಒಳಗೆ ತುಂಡಾದ ತಂತಿ, ಸಡಿಲವಾದ ತಿರುಪು, ಸೊನ್ನೆಗೆ ಬಾರದ ಮೀಟರು, ಯಾವುದಾದರೂ ಸರಿ. ಅದನ್ನು ಮುಟ್ಟುವ ಮೊದಲು ಮೂರು ಸಂಭವನೀಯ ಕಾರಣಗಳನ್ನು ಬರೆಯಬೇಕು. ಒಂದೊಂದು ಕಾರಣಕ್ಕೂ, ಅದು ನಿಜವಾದರೆ ಏನು ಕಾಣಬೇಕೆಂಬುದನ್ನು ಬರೆಯಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಬೇಕು. ಸರಿಯಾಗಿ ತಳ್ಳಿಹಾಕಿದ ತಪ್ಪು ಊಹೆಗೂ ಅಂಕ ಕೊಡಬೇಕು. ಇದಕ್ಕೆ ಹೆಚ್ಚಿನ ಹಣ ಬೇಡ. ಕೆಟ್ಟ ಉಪಕರಣಗಳಿಗೆ ನಮ್ಮ ಕಾಲೇಜುಗಳಲ್ಲಿ ಎಂದೂ ಕೊರತೆಯಿಲ್ಲ!

ವಿದ್ಯುತ್ ಕಾರುಗಳ ಕಾಲ ಬರುತ್ತಿದೆ, ಅವಕ್ಕೆ ಈ ಬೆಲ್ಟೇ ಇಲ್ಲ, ಈ ವಿಚಾರವೆಲ್ಲ ಏಕೆ ಎಂದು ಕೆಲವರು ಹೇಳಬಹುದು. ಬೆಲ್ಟು ಕಾರಿನಿಂದ ಹೋದರೂ ಗಿರಣಿಯಲ್ಲಿ, ಹೊಲಿಗೆಯ ಯಂತ್ರದಲ್ಲಿ, ಕಾರ್ಖಾನೆಯ ಸಾಗಣೆ ಪಟ್ಟಿಯಲ್ಲಿ ಉಳಿಯುತ್ತದೆ. ಅದೂ ಹೋಯಿತೆನ್ನೋಣ, ತಪ್ಪು ಒಂದೆಡೆ ಹುಟ್ಟಿ ಇನ್ನೊಂದೆಡೆ ಕಾಣಿಸಿಕೊಳ್ಳುವುದು ಮಾತ್ರ ಯಾವ ಯಂತ್ರದಲ್ಲಿಯೂ ಹೋಗದು. ಅಂಥ ತಪ್ಪನ್ನು ಹಿಂದಕ್ಕೆ ಅನುಸರಿಸಿಕೊಂಡು ಹೋಗುವ ಅಭ್ಯಾಸವಿಲ್ಲದವನು ಎಷ್ಟು ಸೂತ್ರಗಳನ್ನು ಬಲ್ಲನಾದರೂ, ಮೂರನೆಯ ಬೆಲ್ಟನ್ನು ಕೊಂಡ ನಮ್ಮಂತೆಯೇ.

ವಿದ್ಯಾರ್ಥಿಮಿತ್ರರು ಇದನ್ನು ಪರೀಕ್ಷೆಗಾಗಿ ಕಾಯದೆ ಇಂದೇ ತೊಡಗಬಹುದು. ಮನೆಯ ಸೈಕಲ್ಲಿನ ಸರಪಳಿ ಮತ್ತೆ ಮತ್ತೆ ಕಳಚುತ್ತಿದ್ದರೆ ಅದನ್ನು ಎತ್ತಿ ಸಿಕ್ಕಿಸಿ ಓಡುವ ಮುನ್ನ ಒಂದು ನಿಮಿಷ ನಿಂತು, ಕಳಚಿದ್ದು ಎಲ್ಲಿ, ಬಂದದ್ದು ಎಲ್ಲಿಂದ ಎಂದು ಕೇಳಿಕೊಳ್ಳಿ. ನಾವೂ ಈಗ ಆ ಅಭ್ಯಾಸವನ್ನು ಹೊಸದಾಗಿ ಕಲಿಯುತ್ತಿದ್ದೇವೆ. ಕಾರಿನಲ್ಲಿ ಒಂದು ತುಂಡು ಸೀಮೆಸುಣ್ಣವನ್ನು ತಪ್ಪದೆ ಇಟ್ಟುಕೊಂಡಿದ್ದೇವೆ.